ಬರುವ ನಿದ್ದೆ, ಮಾಡುವ ನಿದ್ದೆ

ಬೃಹದಾರಣ್ಯಕ ಉಪನಿಷತ್ತಿನ ಎರಡನೆಯ ಅಧ್ಯಾಯದಲ್ಲಿ ಕಾಶಿಯ ದೊರೆ ಅಜಾತಶತ್ರು, ವಾದದಲ್ಲಿ ಸೋತು ಕೂತ ಗಾರ್ಗ್ಯನ ಕೈಹಿಡಿದು, ನಿದ್ದೆಯಲ್ಲಿರುವ ಒಬ್ಬನ ಬಳಿಗೆ ಕರೆದೊಯ್ಯುತ್ತಾನೆ. ದೇವತೆಗೆ ಸಲ್ಲುವಂಥ ದೊಡ್ಡ ಹೆಸರುಗಳಿಂದ ಕೂಗಿದರೂ ಆ ಮನುಷ್ಯ ಏಳುವುದಿಲ್ಲ. ಕೈಯಿಂದ ಒತ್ತಿದಾಗ ಎದ್ದು ಕೂರುತ್ತಾನೆ. ಇಷ್ಟು ಹೊತ್ತು ಇವನು ಎಲ್ಲಿದ್ದ, ಎಲ್ಲಿಂದ ಬಂದ ಎಂಬ ಪ್ರಶ್ನೆಗೆ ಗಾರ್ಗ್ಯ ಬಾಯಿ ಬಿಡುವುದಿಲ್ಲ. ದೊರೆ ತಾನೇ ಹೇಳುವ ಉತ್ತರದಲ್ಲಿ ಹೃದಯದಿಂದ ಹೊರಟು ಹರಡುವ ಹಿತಾ ಎಂಬ 72,000 ನಾಡಿಗಳಿವೆ. ನಿದ್ದೆ ಹೋದವನು ಅವುಗಳ ದಾರಿಯಲ್ಲಿ ಸಾಗಿ ವಿಶ್ರಮಿಸುತ್ತಾನೆ. ಆತ್ಮವನ್ನು ತೋರಿಸಹೊರಟವರು ಕೂಡ ನಿದ್ದೆಯ ವಿಷಯ ಬಂದಾಗ ಮೈಯನ್ನು ಬಿಟ್ಟು ಮಾತಾಡಲಿಲ್ಲ. ಇದನ್ನು ಈಗ ನೆನೆಯಲು ಕಾರಣವಿದೆ. ಕಿವಿಯ ನರಕ್ಕೆ ಸಣ್ಣಗೆ ವಿದ್ಯುತ್ ಕೊಟ್ಟು ನಿದ್ರಾಹೀನತೆಗೆ ಚಿಕಿತ್ಸೆ ಮಾಡಬಹುದೆಂದಾಗ, ಹಾಗಾದರೆ ಮನಸ್ಸಿನ ಶಾಂತಿ ಬರೀ ಕರೆಂಟಿನ ಆಟವೇ ಎಂದು ಕೆಲವರು ಕಳವಳಪಡುತ್ತಾರೆ. ಕೆಲವರು ಅದನ್ನೇ ಗೆದ್ದ ದನಿಯಲ್ಲಿ ಹೇಳುತ್ತಾರೆ. ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ.

ಗುಗ್ಗೆ ತೆಗೆಯಲು ಕಿವಿಗೆ ಹತ್ತಿಯ ಕಡ್ಡಿ ಹಾಕಿದಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. ಗಂಟಲಲ್ಲಿ ಏನೂ ಇರುವುದಿಲ್ಲ. ಮೆದುಳಿನ ಬುಡದಿಂದ ಗಂಟಲು, ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಕವಲು ಕಿವಿಗೂ ಬಂದಿದೆ; 19ನೇ ಶತಮಾನದ ಜರ್ಮನ್ ಅಂಗರಚನಾ ತಜ್ಞ ಫ್ರೆಡ್ರಿಕ್ ಆರ್ನಾಲ್ಡನ ಹೆಸರು ಅದಕ್ಕಿದೆ. ಕಿವಿಯ ತೂತಿನ ಮೇಲ್ಗಡೆ ಬೆರಳ ತುದಿಗೆ ಸಿಗುವ ಪುಟ್ಟ ಕುಳಿಯಲ್ಲಿ ಇದರ ಎಳೆಗಳು ಚರ್ಮದ ಅಡಿಯಲ್ಲೇ ಇವೆ. ಅಲ್ಲಿ ಕೊಟ್ಟ ಮಂದ ಪ್ರವಾಹದ ಸುದ್ದಿ ಮೆದುಳಿನ ಕಾಂಡಕ್ಕೆ, ಅಲ್ಲಿಂದ ಎಚ್ಚರವನ್ನು ಕಾಯುವ ಕೇಂದ್ರಗಳಿಗೆ ಮುಟ್ಟುತ್ತದೆ. ಎದೆಯ ಚರ್ಮದಡಿ ಸಾಧನ ಹುದುಗಿಸಿ ಇದೇ ನರದ ಮೂಲಕ ಮೂರ್ಛೆರೋಗಕ್ಕೆ ಚಿಕಿತ್ಸೆ ಮಾಡಲು ಅಮೆರಿಕದಲ್ಲಿ 1997ರಲ್ಲೇ ಅನುಮತಿ ಸಿಕ್ಕಿತ್ತು. ಕಿವಿಯ ದಾರಿಗೆ ಕತ್ತರಿ ಬೇಕಿಲ್ಲ. 2024ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ ಬಹುಕಾಲದಿಂದ ನಿದ್ದೆಗೆಟ್ಟ 72 ಮಂದಿಯನ್ನು ಎರಡು ಗುಂಪು ಮಾಡಿ 8 ವಾರ ನೋಡಿದರು. 21 ಅಂಕಗಳ ಮಾಪನದಲ್ಲಿ ನಿಜವಾದ ಚಿಕಿತ್ಸೆ ಪಡೆದವರ ತೊಂದರೆ ಸುಮಾರು 8 ಅಂಕ ಇಳಿಯಿತು. ತೋರಿಕೆಯ ಚಿಕಿತ್ಸೆ ಪಡೆದವರದು ಸುಮಾರು 4. ಪ್ರಯೋಗ ಚಿಕ್ಕದು, ಡಂಗುರ ಸಾರುವಷ್ಟಿಲ್ಲ. (ಕಿವಿಯ ದಾರಿ ನಮ್ಮವರಿಗೂ ಹೊಸದಲ್ಲ: ನಿದ್ದೆ ಕಡಿಮೆಯಿದ್ದವರಿಗೆ ಆಯುರ್ವೇದದ ವಾಗ್ಭಟ ಹಾಲು, ಮೊಸರು, ಎಣ್ಣೆಸ್ನಾನದ ಜೊತೆಗೆ ಕಿವಿಯ ತರ್ಪಣವನ್ನೂ, ಅಂದರೆ ಕಿವಿಗೆ ಎಣ್ಣೆ ತುಂಬುವುದನ್ನೂ, ಹೇಳಿದ್ದಾನೆ. ಅವನಿಗೆ ವೇಗಸ್ ನರ ಗೊತ್ತಿತ್ತು ಎಂದು ಯಾರೂ ಹೊರಡದಿರಲಿ.)

ಕನ್ನಡದಲ್ಲಿ ನಿದ್ದೆ ಬರುತ್ತದೆ, ಹತ್ತುತ್ತದೆ, ಹಾರಿಹೋಗುತ್ತದೆ. ಮನುಷ್ಯ ಅಲ್ಲಿ ಕರ್ತೃವಲ್ಲ, ನಿದ್ದೆಯೇ ಕರ್ತೃ. ನಿದ್ದೆ ಮಾಡು ಎಂದೂ ಹೇಳುತ್ತೇವಲ್ಲ ಎನ್ನಬಹುದು. ಮಗುವಿಗೆ ಹಾಗೆ ಗದರುವ ತಾಯಿ ನಿಜವಾಗಿ ಕೇಳುವುದು ಸುಮ್ಮನೆ ಬಿದ್ದುಕೊಂಡು ಕಣ್ಣು ಮುಚ್ಚು ಎಂದಷ್ಟೇ. ಅದಕ್ಕಿಂತ ಹೆಚ್ಚಿನದು ಮಗುವಿನ ಕೈಯಲ್ಲೂ ಇಲ್ಲ, ಅವಳ ಕೈಯಲ್ಲೂ ಇಲ್ಲ. ನಿದ್ದೆಗೆಟ್ಟವನ ಸಂಕಟ ಇರುವುದು ಇಲ್ಲೇ. ಅವನು ನಿದ್ದೆಯನ್ನು ಮಾಡಲು ಹೊರಡುತ್ತಾನೆ. ಈಗ ಬಂತೇ, ಈಗ ಬಂತೇ ಎಂದು ಕಾಯುವುದೇ ಎಚ್ಚರ. ಮನಸ್ಸು ದಣಿದು ಇಂದ್ರಿಯಗಳು ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯ ಮಲಗುತ್ತಾನೆ ಎನ್ನುವ ಚರಕನ ವಿವರಣೆಯಲ್ಲೂ ಸಂಕಲ್ಪಕ್ಕೆ ಜಾಗವಿಲ್ಲ. ಕಿವಿಗೆ ಕ್ಲಿಪ್ಪು ಸಿಕ್ಕಿಸಿಕೊಂಡವನು ಮಾಡುವುದಾದರೂ ಏನು? ನಿದ್ದೆಯನ್ನು ತಾನೇ ಮಾಡಬೇಕೆಂಬ ಹೊಣೆಯನ್ನು ಅರ್ಧ ಗಂಟೆ ಕೆಳಗಿಡುತ್ತಾನೆ. ಯಂತ್ರ ಇಲ್ಲಿ ಮನಸ್ಸನ್ನು ಸೋಲಿಸಿಲ್ಲ. ಕರ್ತೃತ್ವದ ಭ್ರಮೆಗೆ ಒಂದು ಪೆಟ್ಟು ಕೊಟ್ಟಿದೆ, ಅಷ್ಟೆ. ತೋರಿಕೆಯ ಗುಂಪಿನ ಆ 4 ಅಂಕಗಳಲ್ಲಿಯೂ ಇದರ ಪಾಲಿದೆಯೆಂದು ನನ್ನ ಊಹೆ. ಏರಿದ ಕಾಯಿಲೆ ತಾನಾಗಿಯೂ ಇಳಿಯುತ್ತದೆ, ನಂಬಿಕೆಯೂ ಗುಣ ಕೊಡುತ್ತದೆ, ನಿಜ. ಆದರೆ ಉಳಿದ 4 ಅಂಕ ನರದ್ದೇ. ಅದನ್ನು ನಂಬಿಕೆಯ ಖಾತೆಗೆ ಬರೆದುಕೊಳ್ಳುವುದು ಮೋಸವಾಗುತ್ತದೆ.

ಧಾರ್ಮಿಕ ಮನಸ್ಸಿನ ಆಕ್ಷೇಪ ಬೇರೆ: ಜಪ, ಧ್ಯಾನ, ಶುದ್ಧ ನಡತೆಯಿಂದ ಗಳಿಸಬೇಕಾದ ನೆಮ್ಮದಿಯನ್ನು ಹೀಗೆ ಅಂಗಡಿಯಿಂದ ತರಬಹುದೇ? ನಿದ್ದೆ ಎಂದಾದರೂ ಗಳಿಕೆಯಾಗಿತ್ತೇ ಎಂದು ನಾನು ಮರಳಿ ಕೇಳುತ್ತೇನೆ. ಅದೇ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದ ಪ್ರಕಾರ ಗಾಢ ನಿದ್ದೆಯಲ್ಲಿ ತಂದೆ ತಂದೆಯಲ್ಲ, ಕಳ್ಳ ಕಳ್ಳನಲ್ಲ; ಪುಣ್ಯಪಾಪ ಎರಡೂ ಹೊಸ್ತಿಲಾಚೆ. ಅದ್ವೈತಿಗಳಂತೂ ಸುಷುಪ್ತಿಯನ್ನು ಮೋಕ್ಷವೆಂದು ಒಪ್ಪುವುದೇ ಇಲ್ಲ. ಅಜ್ಞಾನದ ಬೀಜ ಅಲ್ಲಿ ಹಾಗೇ ಇರುತ್ತದೆ, ಎದ್ದವನು ಅದೇ ಸಾಲಗಾರ, ಅದೇ ಮುಂಗೋಪಿ. ಇಷ್ಟು ಸಾಧಾರಣವಾದ ವರವನ್ನು ಎಣ್ಣೆಯಿಂದ ಪಡೆದರೆ ಸರಿ, ಕರೆಂಟಿನಿಂದ ಪಡೆದರೆ ತಪ್ಪು ಎನ್ನಲು ಯಾವ ಶಾಸ್ತ್ರದ ಬಲವೂ ಸಿಗದು.

ನನ್ನನ್ನು ನಿಜವಾಗಿ ತಡೆಯುವ ಆಕ್ಷೇಪ ಒಂದಿದೆ. ನಿದ್ದೆ ಕೆಡಿಸುವ ಬದುಕನ್ನು ಹಾಗೇ ಬಿಟ್ಟು ಕಿವಿಯನ್ನು ಮಾತ್ರ ಸರಿಮಾಡುವುದು ಎಷ್ಟು ಸರಿ? ಅಮೆರಿಕದ ಹಗಲಿಗೆ ಹೊಂದಿಕೊಂಡು ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುವವರಿಗೆ ಮೊದಲು ಬೇಕಾದದ್ದು ರಾತ್ರಿ. ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಇನ್ನೊಂದು ಅಪಾಯ ಸಾಧನದ ಒಳಗೇ ಇದೆ. ಮಣಿಕಟ್ಟಿನ ಗಡಿಯಾರ ಕೊಟ್ಟ ನಿದ್ದೆಯ ಅಂಕ ಕಡಿಮೆಯಾಯಿತೆಂದು ಚಿಂತೆಗೆ ಬಿದ್ದು, ಅದೇ ಚಿಂತೆಯಿಂದ ನಿದ್ದೆಗೆಟ್ಟವರನ್ನು ವೈದ್ಯರು ಈಗಾಗಲೇ ಕಂಡಿದ್ದಾರೆ. ಕಿವಿಯ ಕ್ಲಿಪ್ಪಿಗೂ ನಾಳೆ ಒಂದು ಆ್ಯಪ್ ಅಂಟಿಕೊಂಡರೆ, ಕೆಳಗಿಟ್ಟ ಹೊಣೆ ಬೆಳಿಗ್ಗೆ ಕಣ್ಣುಬಿಡುವ ಮೊದಲೇ ದಿಂಬಿನ ಪಕ್ಕದಲ್ಲಿ ಕಾದಿರುತ್ತದೆ.