ಆಲದ ಮರದ ಕೆಳಗಿನ ‘ವಿಗ್ರಹಾರಾಧಕರು’

ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುತ್ತಿದ್ದ ಬರ್ನಾರ್ ಪಿಕಾರ್ 1673ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವನು. ಪ್ರಾಟೆಸ್ಟೆಂಟ್ ನಂಬಿಕೆಯತ್ತ ಹೊರಳಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ. ಜಗತ್ತಿನ ಎಲ್ಲ ಜನರ ಧಾರ್ಮಿಕ ಆಚರಣೆಗಳನ್ನು ಕುರಿತ, ಅವನ ಚಿತ್ರಗಳಿರುವ ಫ್ರೆಂಚ್ ಗ್ರಂಥ 1723ರಿಂದ 1737ರವರೆಗೆ ಏಳು ಸಂಪುಟಗಳಲ್ಲಿ ಹೊರಬಂತು. ಅದರಲ್ಲಿ ನಮ್ಮ ದೇಶದ್ದೇ ಒಂದು ಚಿತ್ರವಿದೆ.

ದೊಡ್ಡ ಆಲದ ಮರ. ಅದರ ನೆರಳಲ್ಲಿ ಗುಡಿ, ಮೂರ್ತಿ. ಸುತ್ತ ಬರಿಮೈಯ ತಪಸ್ವಿಗಳು, ಕೈಗಳನ್ನು ಮೇಲೆತ್ತಿ ನಿಂತವರು, ಬಗೆಬಗೆಯಾಗಿ ದೇಹ ದಂಡಿಸುವವರು. ಪಿಕಾರ್ ಭಾರತವನ್ನು ಕಂಡವನಲ್ಲ, ಪ್ರವಾಸಿ ತಾವೆರ್ನಿಯೆಯ ಪುಸ್ತಕದ ಚಿತ್ರವೇ ಅವನಿಗೆ ಆಧಾರ. ಶೀರ್ಷಿಕೆಯಲ್ಲಿ ಈ ಜೋಗಿಗಳನ್ನು ‘ಫಕೀರ’ರೆಂದು ಕರೆದಿದ್ದಾರೆ! ಹಿಂದೂ ಜೋಗಿಗೆ ಅರಬಿ ಹೆಸರು, ಅದೂ ಫ್ರೆಂಚ್ ಪುಸ್ತಕದಲ್ಲಿ.

ಸಂಪುಟದ ಹೆಸರು ಇವರನ್ನು ‘ವಿಗ್ರಹಾರಾಧಕ ಜನ’ರ ಸಾಲಿಗೆ ಹಾಕುತ್ತದೆ. ಆದರೆ ಚಿತ್ರದ ಗೆರೆಗಳು ಆ ಹೆಸರಿನ ಮಾತು ಕೇಳುವುದಿಲ್ಲ. 1515ರಲ್ಲಿ ಜರ್ಮನಿಯಲ್ಲಿ ಅಚ್ಚಾದ ವರ್ತೇಮನ ಪ್ರವಾಸಕಥನದಲ್ಲಿ ಕಲ್ಲಿಕೋಟೆಯ ದೇವರು ಕೊಂಬಿರುವ ಸೈತಾನನಾಗಿದ್ದ. ಪಿಕಾರನ ಉಳಿಗೆ ಆ ದ್ವೇಷವಿಲ್ಲ. ಯಹೂದಿಗಳ ಹಬ್ಬದೂಟವನ್ನು, ಕ್ಯಾಥೊಲಿಕರ ಮೆರವಣಿಗೆಯನ್ನು ಕೊರೆದ ತಾಳ್ಮೆಯಿಂದಲೇ ಜೋಗಿಗಳನ್ನೂ ಕೊರೆದಿದ್ದಾನೆ. ಜೋಗಿಯ ದೇಹದಂಡನೆಗೆ ನಗುವ ಯೂರೋಪಿನ ಓದುಗನಿಗೆ, ಚಾವಟಿಯಿಂದ ಹೊಡೆದುಕೊಳ್ಳುವ ತನ್ನ ಊರಿನ ಸನ್ಯಾಸಿ ನೆನಪಾಗದೇ ಇದ್ದಾನೆಯೇ? ಇದು ಕ್ಯಾಥೊಲಿಕರ ಮೇಲಿನ ಕುಟುಕು ಎಂದು ಕೆಲವರು ಓದುತ್ತಾರೆ. ಅರ್ಧ ನಿಜವಿರಬಹುದು. ಬರೀ ಕುಟುಕಾಗಿದ್ದರೆ ಇಷ್ಟು ಶ್ರದ್ಧೆ ಬೇಕಿರಲಿಲ್ಲ.

ಏಕದೇವನನ್ನು ನಂಬಿದ ನಾವು ಈ ಚಿತ್ರವನ್ನು ದೂರ ನಿಂತು ನೋಡಬಹುದು, ನಮಗೂ ಇದಕ್ಕೂ ಏನು ಎಂದು. ಆದರೆ ಸುಮಾರು 1100ರ ಫ್ರೆಂಚ್ ವೀರಕಾವ್ಯ ‘ರೋಲಾನನ ಹಾಡಿ’ನಲ್ಲಿ ಮುಸ್ಲಿಮರೇ ವಿಗ್ರಹಾರಾಧಕರು, ಮೂರು ದೇವರುಗಳಿಗೆ ಅಡ್ಡಬೀಳುವವರು! ಹಿಂದಿನ ಇಂಗ್ಲಿಷಿನಲ್ಲಿ ವಿಗ್ರಹಕ್ಕೆ ‘ಮಾಮೆಟ್’ ಎನ್ನುತ್ತಿದ್ದರು. ಆ ಪದ ಹುಟ್ಟಿದ್ದು ಪ್ರವಾದಿ ಮುಹಮ್ಮದ್(ಸ)ರ ಹೆಸರಿನಿಂದ. ಕಅಬಾದ ವಿಗ್ರಹಗಳನ್ನು ತೆಗೆಸಿದವರ ಹೆಸರೇ ವಿಗ್ರಹದ ಹೆಸರಾಯಿತು.

ಸಿಟ್ಟು ಬರುತ್ತದೆ, ನಿಜ. ಆದರೆ ನಾವು ದಿನವೂ ಆಡುವ ಉರ್ದುವಿನ ‘ಬುತ್’ ಪದವನ್ನೂ ಸ್ವಲ್ಪ ನೋಡೋಣ. ಫಾರಸಿಯಿಂದ ಬಂದ ಈ ಪದದ ಮೂಲ ‘ಬುದ್ಧ’ ಎಂದು ಭಾಷಾತಜ್ಞರು ಹೇಳುತ್ತಾರೆ. ಯೂರೋಪು ನಮಗೆ ಮಾಡಿದ್ದನ್ನು ನಮ್ಮ ನುಡಿ ಇನ್ನೊಬ್ಬರಿಗೆ ಮಾಡಿದೆ. ಶಾಯರರು ಇದೇ ‘ಬುತ್’ ಅನ್ನು ಪ್ರಿಯತಮೆಗೆ ಬಳಸಿ ಅದರ ವಿಷವನ್ನು ಅಷ್ಟಿಷ್ಟು ತೆಗೆದರೆನ್ನಿ.

ಹೀಗೆಂದರೆ ತೌಹೀದ್ ಸಡಿಲವಾಯಿತೆಂದಲ್ಲ. ಅನ್ಯರು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ಕುರ್‌ಆನ್ ತಡೆಯುತ್ತದೆ. ತನ್ನ ಇಚ್ಛೆಯನ್ನೇ ದೇವರಾಗಿಸಿಕೊಂಡವನನ್ನೂ ಅದು ತೋರಿಸುತ್ತದೆ. ಆ ವಿಗ್ರಹವನ್ನು ಯಾವ ತಾಮ್ರದ ತಗಡಿನಲ್ಲೂ ಕೊರೆಯಲಾಗದು. ಅದಕ್ಕೆ ಗುಡಿಯೂ ಬೇಡ, ಮಸೀದಿಯ ಮೊದಲ ಸಾಲಿನಲ್ಲೂ ಅದು ನಿಲ್ಲಬಲ್ಲದು.

ಪಿಕಾರ್ 1733ರಲ್ಲಿ ತೀರಿಕೊಂಡ. ಇಸ್ಲಾಮಿನ ಕುರಿತ ಸಂಪುಟ 1737ರಲ್ಲಿ ಬಂತು. ನಮ್ಮ ಮೇಲಿನ ಸುಳ್ಳುಗಳನ್ನು ತಿದ್ದಲು ಉಟ್ರೆಕ್ಟ್‌ನ ಪ್ರಾಧ್ಯಾಪಕ ರೇಲಾಂಡ್ 1705ರಲ್ಲಿ ಬರೆದ ಪುಸ್ತಕದ ನೆರವು ಅದಕ್ಕೆ ಸಿಕ್ಕಿತು. ಅವನು ಮುಸ್ಲಿಮರದೇ ಬರಹಗಳನ್ನು ಓದಿ ಬರೆದವನು. ಆಲದ ಮರದ ಕೆಳಗಿನವರಿಗೆ ಆ ಭಾಗ್ಯವಿರಲಿಲ್ಲ. ಆ ಮೂರ್ತಿಯಲ್ಲಿ ನೀವು ಏನನ್ನು ಕಾಣುತ್ತೀರಿ ಎಂದು ಅವರನ್ನು ಕೇಳಲು ಪಿಕಾರನಿಗೆ ದಾರಿಯಿರಲಿಲ್ಲ. ಒಂದೇ ಬೀದಿಯಲ್ಲಿ ಬಾಳುವ ನಮಗೆ ಆ ದಾರಿ ಬಹಳ ಹತ್ತಿರದ್ದು.