ಹೊಳೆ ಸೇರಿದ ಬೂದಿ

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ದಡದಲ್ಲಿ ನಿಂತಿದ್ದಾಗ, ಮೊಣಕಾಲುದ್ದ ನೀರಿಗಿಳಿದು ಒಬ್ಬ ಮಗ ತಂದೆಯ ಅಸ್ಥಿಯ ಕುಡಿಕೆಯನ್ನು ಬಾಗಿಸಿದುದನ್ನು ಕಂಡೆನು. ಎಲುಬಿನ ಚೂರುಗಳು ತಟ್ಟನೆ ಮುಳುಗಿದುವು. ಬೂದಿ ಮಾತ್ರ ಒಂದು ಗಳಿಗೆ ಅವನ ಕಾಲನ್ನೇ ಸುತ್ತಿ, ಅನಂತರ ಸೆಳವಿಗೆ ಸಿಕ್ಕಿ ಹೊರಟಿತು. ಮೇಲೆ ಬಂದು ಪಂಚೆಯನ್ನು ಹಿಂಡುತ್ತ ಅವನು ಕೇಳಿದ: "ನಮ್ಮಪ್ಪ ಇನ್ನು ಎಲ್ಲಿಗೋಯ್ತದೆ ಸೋಮಿ?" ಪುರೋಹಿತರು, "ಕನ್ನಂಬಾಡಿ ಕಟ್ಟೆಗೆ, ಅಲ್ಲಿಂದಾಚೆಗೆ ಕಾವೇರಿ ತಾಯಿ ಕರೆದುಕೊಂಡು ಹೋದ ಕಡೆಗೆ" ಎಂದರು. ಭೂಗೋಳದ ದೃಷ್ಟಿಯಿಂದ ಈ ಉತ್ತರದಲ್ಲಿ ದೋಷವಿಲ್ಲ.

ಸಮುದ್ರವನ್ನು ಸೇರಿದ ನದಿಗಳು ತಾವು ಇಂತಹ ನದಿಯೆಂದು ಅರಿಯಲಾರವೆಂದು ಛಾಂದೋಗ್ಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಉಪದೇಶಿಸುತ್ತಾನೆ. ನದಿ ಅರಿಯದಿರಬಹುದು, ನೀರಿನಲ್ಲಿ ಕರಗಿದ ಗಂಧಕವಾದರೋ ತನ್ನ ಪೂರ್ವೋತ್ತರವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಂಧಕಕ್ಕೆ ನಾಲ್ಕು ಸ್ಥಿರ ಸಮಸ್ಥಾನಿಗಳುಂಟು. ನೂರರಲ್ಲಿ ಸುಮಾರು 95 ಪರಮಾಣುಗಳು 32ರ ತೂಕದವು, ನಾಲ್ಕರಷ್ಟು 34ರವು. ಉಲ್ಕಾಶಿಲೆಯ ಗಂಧಕವನ್ನು ಮಾನವಾಗಿಟ್ಟು ಅಳೆದರೆ, ಸಮುದ್ರದ ಸಲ್ಫೇಟಿನಲ್ಲಿ ಆ ಭಾರದ ಜಾತಿಯ ಪ್ರಮಾಣ ಸಾವಿರಕ್ಕೆ ಸುಮಾರು 21ರಷ್ಟು ಹೆಚ್ಚು. ಮುಂಗಾರು ಕಡಲಿನಿಂದ ಹೊತ್ತು ತರುವುದೊಂದು, ಬಂಡೆ ಸವೆದು ಬರುವುದೊಂದು, ಪಿರಿಯಾಪಟ್ಟಣದ ರೈತನು ಹೊಗೆಸೊಪ್ಪಿನ ಹೊಲಕ್ಕೆ ಹಾಕುವ ಪೊಟ್ಯಾಸಿಯಂ ಸಲ್ಫೇಟು ಗೊಬ್ಬರವಾದ ಎಸ್‌ಒಪಿಯದೊಂದು: ಮೂಲಗಳು ಬೇರೆಯಾದಂತೆ ಪ್ರಮಾಣವೂ ಬೇರೆಯಾಗಬಹುದು.

ಕಾಡಿನೊಳಗೆ ಈ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಎಚ್.ಡಿ. ಕೋಟೆಯ ಕಬಿನಿಯಾಚೆ, ಬಂಡೀಪುರದ ಮೂಲೆಹೊಳೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿದ್ವಾಂಸರೂ ಕೂಡಿ ನಾಲ್ಕು ಚದರ ಕಿಲೋಮೀಟರಿನಷ್ಟು ಪುಟ್ಟ ಜಲಾನಯನವೊಂದರ ಮಳೆ, ಮಣ್ಣು, ಮರ, ತೊರೆಗಳ ಲೆಕ್ಕವನ್ನು 2003ರಿಂದ ಬರೆದಿಡತೊಡಗಿದರು. ಬಿದ್ದ ಮಳೆಯ ಬಹುಪಾಲನ್ನು ಅಲ್ಲಿ ಮರಗಳೇ ಕುಡಿದು ಆಕಾಶಕ್ಕೆ ಹಿಂದಿರುಗಿಸುತ್ತವೆ. ಇಂತಹ ಕಾಡಿನಲ್ಲಿ ಬೇರು ಹೀರಿದ ಸಲ್ಫೇಟು ಎಲೆಯ ಪ್ರೋಟೀನಾಗಿ, ತರಗೆಲೆಯಾಗಿ, ಅಣುಜೀವಿಯ ಆಹಾರವಾಗಿ, ಕೊಳೆತು ಮತ್ತೆ ಸಲ್ಫೇಟಾಗುವಾಗ, ಗಂಧಕದ ಗುರುತು, ಎಂದರೆ ಆ ಪ್ರಮಾಣ, ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಅದನ್ನು ಸುತ್ತಿಕೊಂಡ ನಾಲ್ಕು ಆಮ್ಲಜನಕಗಳು ಮಾತ್ರ ಹೊಸವು, ಆ ಮಣ್ಣಿನ ನೀರಿನಿಂದಲೂ ಗಾಳಿಯಿಂದಲೂ ಬಂದವು. ಆದುದರಿಂದ ತೊರೆಯ ನೀರನ್ನು ಪರೀಕ್ಷಿಸುವವನು, ಈ ಸಲ್ಫೇಟಿನಲ್ಲಿ ಮಳೆಯಿಂದ ನೇರವಾಗಿ ಬಂದುದೆಷ್ಟು, ಒಮ್ಮೆ ಜೀವದೊಳಗೆ ಹೊಕ್ಕು ಹೊರಟುದೆಷ್ಟು ಎಂಬುದನ್ನು ಊಹಿಸಬಲ್ಲನು. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುವ ಹಡ್ಲಿನಲ್ಲಾದರೆ ಗಂಧಕದ ಗುರುತೂ ಕದಲುತ್ತದೆ. ಅಲ್ಲಿಯ ಬ್ಯಾಕ್ಟೀರಿಯಾ ಹಗುರವಾದುದನ್ನೇ ಹೆಚ್ಚಾಗಿ ಆರಿಸಿ ಬಳಸಿ, ಭಾರವಾದುದನ್ನು ನೀರಿಗೇ ಬಿಡುತ್ತದೆ.

ದೇಹ ಬದಲಿಸುವ ಆತ್ಮಕ್ಕೆ ಇದಕ್ಕಿಂತ ಚೆಲುವಾದ ದೃಷ್ಟಾಂತ ಬೇಕೆ ಎಂದು ನನಗೂ ಅನ್ನಿಸಿತು, ಅನ್ನಿಸಿದೊಡನೆಯೇ ನಾಚಿಕೆಯಾಯಿತು. ವಿಜ್ಞಾನವನ್ನು ಶಾಸ್ತ್ರದ ಸಾಕ್ಷಿಕಟ್ಟೆಗೆ ಎಳೆತಂದು ನಿಲ್ಲಿಸುವುದು ನಮ್ಮವರಿಗೆ ಅಂಟಿದ ಚಾಳಿ. ಒಂಟಿ ಪರಮಾಣುವಿಗೆ ಯಾವ ಗುರುತೂ ಇಲ್ಲ. 34ರ ತೂಕದ ಒಂದನ್ನು ಹಿಡಿದು ಕೇಳಿದರೆ, ಕಡಲಿನದೋ ಬಂಡೆಯದೋ ಎಂಬುದನ್ನು ಅದು ಹೇಳಲಾರದು. ಗುರುತಿರುವುದು ಕೋಟಿ ಕೋಟಿ ಸಂಖ್ಯೆಯ ಸಮೂಹಕ್ಕೆ, ಸಮೂಹದ ಪ್ರಮಾಣಕ್ಕೆ. ಹಾಗಾದರೆ ಗುರುತು ವ್ಯಕ್ತಿಯದಲ್ಲ, ಕೂಟದ್ದು ಎಂದಾಯಿತು. ಶಾಶ್ವತವಾದ ಆತ್ಮವನ್ನೊಪ್ಪದೆ ಸಂತತಿಯನ್ನು, ಎಂದರೆ ಕ್ಷಣಕ್ಷಣದ ಪ್ರವಾಹವನ್ನು, ಮಾತ್ರ ಒಪ್ಪಿದ ಬೌದ್ಧರಿಗೆ ಇದು ಪ್ರಿಯವಾದೀತು. ಆ ಮಗನಿಗೆ ಆಗಲಾರದು. ಅವನು ಕೇಳಿದುದು ಕೂಟವನ್ನಲ್ಲ, ತನ್ನ ಅಪ್ಪನನ್ನು.

ಇಷ್ಟಕ್ಕೂ ಆ ಅಪ್ಪನ ಗಂಧಕದಲ್ಲಿ ಬಹಳಷ್ಟು ಹೊಳೆಯನ್ನು ಸೇರಿರಲೇ ಇಲ್ಲ. ಚಿತೆಯಲ್ಲಿ ಕೂದಲು ಸುಟ್ಟ ಕಮಟು ನಾತದೊಡನೆಯೇ ಅದು ಮೇಲೆದ್ದು ಹೋಗಿತ್ತು. ಯಾರ ಹೊಗೆಸೊಪ್ಪಿನ ಎಲೆಯ ಮೇಲೆ ಇಳಿದಿದೆಯೋ! ಇದನ್ನು ನಾನು ಅವನಿಗೆ ಹೇಳಲಿಲ್ಲ. ಅವನು ಕೈಯಲ್ಲಿ ಉಳಿದ ಬರಿಯ ಕುಡಿಕೆಯನ್ನು ತೋರಿಸಿ ಇದನ್ನೇನು ಮಾಡಲೆಂದು ಕೇಳಿದ. ಅದನ್ನೂ ಹೊಳೆಗೇ ಬಿಡು ಎಂದರು ಪುರೋಹಿತರು.