ಹಸಿರು ಮುಚ್ಚೀತು, ಮನ್ನಿಸೀತೆ?

ಕಾಲವೇ ಎಲ್ಲವನ್ನೂ ಮರೆಸುತ್ತದೆ ಎಂದು ನಾವು ನೊಂದವರಿಗೆ ಸಮಾಧಾನ ಹೇಳುವುದುಂಟು. ಮರೆಸುವುದೇನೋ ದಿಟ. ಆದರೆ ಮರೆವೂ ಕ್ಷಮೆಯೂ ಒಂದೆಯೇ? ವಾಚಕರೇ, ಈ ಪ್ರಶ್ನೆಯನ್ನು ಹೊತ್ತು, ದೂರದೇಶದ ಬೆಟ್ಟವೊಂದಕ್ಕೆ ಮನಸ್ಸಿನಿಂದಲೇ ಬನ್ನಿ.

ಯುರೋಪಿನ ಬೋಸ್ನಿಯಾ ದೇಶದ ರಾಜಧಾನಿ ಸರಾಯೆವೊ. ಅದರ ನೆತ್ತಿಯ ಮೇಲೆ ನಿಂತಿರುವುದು ತ್ರೆಬೆವಿಚ್ ಪರ್ವತ. 1984ರಲ್ಲಿ ಅಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಜರುಗಿದಾಗ, ಹಿಮಬಂಡಿಗಳ ಪಂದ್ಯಕ್ಕೆಂದು ಪರ್ವತದ ಇಳುಕಲಿನಲ್ಲಿ ಒಂದು ಕಿಲೋಮೀಟರಿಗೂ ಮಿಗಿಲಾದ ಕಾಂಕ್ರೀಟಿನ ಕಾಲುವೆಯನ್ನು ಕಟ್ಟಿದ್ದರು. ಇಂದು ಅಲ್ಲಿ ಒಲಿಂಪಿಕ್ಕಿನ ಸಂಭ್ರಮವಿಲ್ಲ. ಇಕ್ಕೆಲದ ಕಾಡು ಕಾಲುವೆಯ ಮೇಲೆ ಕೊಂಬೆ ಚಾಚಿದೆ. ಬಿರುಕುಗಳಲ್ಲಿ ಪಾಚಿ ಬೆಳೆದಿದೆ. ಗೋಡೆಗಳ ತುಂಬ ಬಣ್ಣದ ಬರಹಗಳಿವೆ. ಬೇಸಗೆಯಲ್ಲಿ ಯುವಕರು ಬೈಸಿಕಲ್ಲನ್ನೇರಿ ಅದರೊಳಗೆ ಇಳಿಯುತ್ತಾರೆ. ತುಳಿಯುವ ಶ್ರಮವೂ ಬೇಡ, ಇಳಿಜಾರೇ ಒಯ್ಯುತ್ತದೆ.

ಆದರೆ ಆ ಇಳಿಜಾರಿನಲ್ಲಿ ಇಳಿದದ್ದು ಆಟವೊಂದೇ ಅಲ್ಲ. ಕ್ರೀಡೆಗಳು ಮುಗಿದು ಎಂಟು ವರ್ಷಗಳಾಗಿದ್ದವು, ಅಷ್ಟೆ. 1992ರ ಏಪ್ರಿಲ್‌ನಲ್ಲಿ ನಗರಕ್ಕೆ ಮುತ್ತಿಗೆ ಬಿದ್ದಿತು. ಬೋಸ್ನಿಯದ ಸರ್ಬ್ ಸೇನೆ ಇದೇ ಕಾಲುವೆಯ ಬಳಿ ಫಿರಂಗಿಗಳನ್ನು ಹೂಡಿತು. ಕೆಳಗಡೆ ನೀರಿಗಾಗಿ, ರೊಟ್ಟಿಗಾಗಿ ಸಾಲು ನಿಂತವರ ಮೇಲೆ ಗುಂಡುಗಳು ಬಿದ್ದವು. ಒಲಿಂಪಿಕ್ ಕ್ರೀಡಾಂಗಣದ ಪಕ್ಕದ ಬಯಲು ಸ್ಮಶಾನವಾಯಿತು. ಮುತ್ತಿಗೆ 1996ರ ಫೆಬ್ರವರಿಯವರೆಗೆ, 1,425 ದಿನ ನಡೆಯಿತು.

ಯುದ್ಧ ಮುಗಿದ ಮೇಲೆ ಕಾಡು ಬೆಳೆಯಿತು. ನೋಡಿದವರು, ಪ್ರಕೃತಿಮಾತೆ ಮನುಷ್ಯನ ಪಾಪವನ್ನು ತೊಳೆದಳು ಎಂದಾರು. ಆದರೆ ಆ ಹಸಿರಿನ ಅಡಿಯಲ್ಲಿ ನೆಲಬಾಂಬುಗಳಿದ್ದವು! ಮಳೆ ಅವನ್ನು ಕರಗಿಸಲಿಲ್ಲ. ಉದುರಿದ ಎಲೆ ಅವನ್ನು ಇನ್ನಷ್ಟು ಮರೆಮಾಡಿತು. ತೆಗೆದವರು ಮನುಷ್ಯರು, ಮೊಣಕಾಲೂರಿ, ಗೇಣುಗೇಣು ನೆಲವನ್ನು ಸೋಸಿ, ತಮ್ಮ ಜೀವವನ್ನೇ ಒತ್ತೆಯಿಟ್ಟು ತೆಗೆದರು. ಕಾಡಿಗೆ ತಪ್ಪೂ ತಿಳಿಯದು, ಕ್ಷಮೆಯೂ ತಿಳಿಯದು. ಅದು ಮುಚ್ಚಬಲ್ಲುದು, ಮನ್ನಿಸಲಾರದು.

ಹಾಗಾದರೆ ಅಲ್ಲಿ ನಲಿಯುವ ಯುವಕರದು ಅಪರಾಧವೇ? ಖಂಡಿತ ಅಲ್ಲ. ಆ ಕಾಲುವೆ ಹುಟ್ಟಿದ್ದೇ ಆಟಕ್ಕಾಗಿ. ಆಟ ಅಲ್ಲಿಗೆ ಮರಳುವುದು ನ್ಯಾಯವೇ ಸರಿ. ಆದರೆ ನಗರ ಮರೆತು ನಗುತ್ತಿಲ್ಲ, ನೆನೆದು ನಗುತ್ತಿದೆ. 2012ರ ಏಪ್ರಿಲ್ 6ರಂದು ಮಡಿದವರ ನೆನಪಿಗಾಗಿ ಅದು ಹೆಬ್ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಬರಿದಾಗಿ ಇರಿಸಿತು. 2018ರ ಅದೇ ದಿನಾಂಕದಂದು, ಯುದ್ಧದಲ್ಲಿ ನಾಶವಾಗಿದ್ದ, ಪರ್ವತಕ್ಕೆ ಏರುವ ತೂಗುಬಂಡಿಯನ್ನು ಮತ್ತೆ ಓಡಿಸಿತು. ಶೋಕಕ್ಕೂ ಸಂತೋಷಕ್ಕೂ ಅದು ಒಂದೇ ದಿನವನ್ನು ಆರಿಸಿಕೊಂಡದ್ದು ಎಷ್ಟು ಅರ್ಥಪೂರ್ಣ!

ಇನ್ನು ನಮ್ಮ ಮನೆಯಂಗಳವನ್ನು ನೋಡಿಕೊಳ್ಳೋಣ. ಬದುವಿನ ಜಗಳದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಹತ್ತು ವರ್ಷಗಳ ಮೌನವನ್ನೇ ಶಾಂತಿ ಎಂದು ಭಾವಿಸುತ್ತಾರೆ. ಬದುವಿನ ಮೇಲೆ ಹುಲ್ಲು ಬೆಳೆದಿರುತ್ತದೆ, ನಿಜ. ಮುಂದೊಂದು ದಿನ ಏನೂ ಅರಿಯದ ಮಕ್ಕಳು ಅಲ್ಲಿ ಕಾಲಿಟ್ಟಾಗ ಹುದುಗಿದ್ದದ್ದು ಸಿಡಿಯುತ್ತದೆ. ತಪ್ಪನ್ನು ಒಪ್ಪಿಕೊಳ್ಳುವುದು, ಮನ್ನಿಸುವುದು ಮೊಣಕಾಲೂರಿ ಮಾಡಬೇಕಾದ ಕೆಲಸ. ಅದನ್ನು ಕಾಲಕ್ಕೆ ಬಿಟ್ಟು ಕೂಡದೆ, ನೀವೇ ಇಂದು ಹೋಗಿ ಆ ಬಾಗಿಲನ್ನು ತಟ್ಟಬಾರದೇಕೆ?